ಆಡುವ ಮೊದಲೇ ಹೊಗಳಿದ ಆಟ

"ಇವತ್ತು ರಾಕ್ಷಸರಾಜನ ತಲೆ ಉರುಳಿಸದೆ ಈ ಕುರ್ಚಿ ಬಿಟ್ಟು ಏಳುವವನಲ್ಲ!" ಎಂದು ಹೆಂಡತಿಯೆದುರು ಘೋಷಿಸಿ ಟೀವಿಯ ಮುಂದೆ ಕೂತೆ.

ಪತ್ರಿಕೆಯ ಪುರವಣಿಗೆ ವಿಡಿಯೊ ಗೇಮ್‌ಗಳ ಅಂಕಣ ಬರೆಯುವವನು ನಾನು. ಈ ಹೊಸ ಕಾದಾಟದ ಗೇಮ್‌ನ ಟ್ರೇಲರನ್ನು ನಮ್ಮ ಮದುವೆ ವಿಡಿಯೊಗಿಂತ ಹೆಚ್ಚು ಸಲ ನೋಡಿದ್ದೆ. ಆ ಉತ್ಸಾಹದಲ್ಲಿ, ಆಡುವ ಮೊದಲೇ ಸಂಪಾದಕರಿಗೆ ಶೀರ್ಷಿಕೆ ಕಳಿಸಿಬಿಟ್ಟಿದ್ದೆ: 'ಕಣ್ಣು ಮಿಟುಕಿಸಲೂ ಬಿಡದ ಆಟ!' ಅವರು ಅದನ್ನು ಪುಟದ ಅಗಲಕ್ಕೂ ಹರಡಿ, ಕೆಳಗೆ ಜಾಗ ಖಾಲಿ ಬಿಟ್ಟು, ಸಂಜೆಯೊಳಗೆ ಬರಹ ಬೇಕೆಂದು ಕಾದಿದ್ದರು.

"ನಾನೂ ಒಂದು ಕೈ ನೋಡ್ಲಾ?" ಎಂದಳು ಹೆಂಡತಿ.

ಇದ್ದದ್ದು ಒಂದೇ ಕಂಟ್ರೋಲರ್. ಪಾಲು ಕೊಡಲು ಮನಸ್ಸಾಗಲಿಲ್ಲ. "ಅಯ್ಯೋ, ನಿನಗೆ ಬೇಡ ಕಣೇ. ಒಂದು ಹೆಜ್ಜೆ ಇಡೋದು, ಸಾಯೋದು. ಬರೀ ತಲೆನೋವು."

"ಹಾಗಾದ್ರೆ ನೀವೇ ಸಾಯ್ತಾ ಇರಿ," ಎಂದು ಒಣಗಿದ ಬಟ್ಟೆ ಮಡಚಲು ಕೂತಳು.

ಸತ್ತೆ. ಟ್ರೇಲರಿನಲ್ಲಿ ಬೆಂಕಿಯ ಸೇತುವೆ ಮೇಲೆ ಕುದುರೆ ಹಾರಿಸಿದ್ದ ಮಹಾವೀರ, ನನ್ನ ಕೈಗೆ ಬಂದಕೂಡಲೇ ಕೋಟೆ ಬಾಗಿಲ ಕಾವಲುಗಾರನ ದೊಣ್ಣೆಗೆ ಮಕಾಡೆ ಮಲಗಿದ. ಎಬ್ಬಿಸಿದೆ. ಮತ್ತೆ ಮಲಗಿದ. ಕುದುರೆ ಎಲ್ಲಿ? ಬೆಂಕಿ ಎಲ್ಲಿ? ಮಧ್ಯಾಹ್ನದ ಹೊತ್ತಿಗೆ ನನ್ನ ಸಿಟ್ಟೆಲ್ಲ ಕಾವಲುಗಾರನನ್ನು ಬಿಟ್ಟು ಆಟ ಮಾಡಿದವರ ಮೇಲೆ ತಿರುಗಿತ್ತು. ಕಣ್ಣು ಮಿಟುಕಿಸುವುದಿರಲಿ, ಆಕಳಿಕೆಯೇ ನಿಲ್ಲಲೊಲ್ಲದು!

ಕಂಟ್ರೋಲರನ್ನು ಅವಳ ಮಡಿಲಿಗೆ ಹಾಕಿ ಲ್ಯಾಪ್‌ಟಾಪ್ ತೆರೆದೆ. ಒಂದು ಸಾಲೂ ಹೊಳೆಯಲಿಲ್ಲ.

"ರೀ! ಎರಡು ಹೆಜ್ಜೆ ಇಟ್ಟೆ, ಇನ್ನೂ ಬದುಕಿದ್ದೀನಿ!"

"ಸಂತೋಷ."

"ಅಯ್ಯಯ್ಯೋ, ಆ ದೊಣ್ಣೆಯವನು ನನ್ನ ಹೊಡೆಯೋಕೆ ಬಂದು ತಾನೇ ಕಂದಕಕ್ಕೆ ಬಿದ್ದ! ಪಾಪ ಕಣ್ರೀ!" ಸ್ವಲ್ಪ ಹೊತ್ತಿಗೆ ಅವಳೂ ಸತ್ತಳು, ಅದೂ ಬಿದ್ದು ಬಿದ್ದು ನಗುತ್ತಾ. "ನೀವು ಹೇಳಿದ್ದಕ್ಕಿಂತ ಎಷ್ಟೊಂದು ಹೊತ್ತು ಬದುಕಿದ್ದೆ! ಇಷ್ಟು ಚೆನ್ನಾಗಿರೋ ಆಟಾನ ಯಾಕ್ರೀ ಬೈದ್ರಿ?"

ಅವಳು ಮತ್ತೆ ಆಟ ಶುರುಮಾಡುವಷ್ಟರಲ್ಲಿ ಸಂಪಾದಕರ ಫೋನ್.

"ಎಲ್ರೀ ಬರಹ?"

"ಸರ್, ಆಟ ಅಂಥಾದ್ದೇನಿಲ್ಲ. ಶೀರ್ಷಿಕೆ ಸ್ವಲ್ಪ ಬದಲಾಯಿಸಬಹುದಾ?"

"ಪುಟ ಕಟ್ಟಿ ಆಗಿದೆ. ಬೇಕಾದ್ರೆ ಆಟ ಬದಲಾಯಿಸಿ. ಅದಿರ್ಲಿ, ಹಿಂದೆ ಕಿರುಚ್ತಾ ಇರೋದು ಯಾರು?"

"ನನ್ನ ಹೆಂಡತಿ, ಸರ್. ಕುದುರೆ ಸಿಕ್ತಂತೆ."

"ಅವರಿಗೆ ಫೋನ್ ಕೊಡಿ!"

ನಾನು ಆಟವನ್ನು ಬೈದದ್ದರಿಂದ ಹಿಡಿದು ಕುದುರೆ ಸಿಕ್ಕಿದ್ದರವರೆಗೆ ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಸಂಪಾದಕರು ಅಲ್ಲಿ ಕೀಬೋರ್ಡ್ ಕುಟ್ಟುವ ಸದ್ದು ಇಲ್ಲಿಗೆ ಕೇಳುತ್ತಿತ್ತು. ನಾನು ಮಡಚದೆ ಉಳಿದಿದ್ದ ಬಟ್ಟೆಗಳತ್ತ ಸರಿದೆ.

"ಏನಂದ್ರು?"

"ಬರಹ ತುಂಬಾ ಚೆನ್ನಾಗಿ ಬಂತಂತೆ. ಇನ್ಮೇಲೆ ಅಂಕಣ ನಂದೇ ಅಂತೆ."

"ಮತ್ತೆ ನಾನು?"

"ನಿಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ ಕಣ್ರೀ," ಎಂದಳು, ಪರದೆಯಿಂದ ಕಣ್ಣು ಕೀಳದೆ. "ಪ್ರತಿ ಹೊಸ ಗೇಮ್ ಬಂದಾಗಲೂ, ನಾನು ಆಡೋಕೆ ಮುಂಚೆ, ಇದು ಸ್ವಲ್ಪಾನೂ ಚೆನ್ನಾಗಿಲ್ಲ ಅಂತ ನನಗೆ ಹೇಳ್ಬೇಕಂತೆ!"