ಅಲ್ ಖುವೈರ್‌ಗೆ ಅಮೆರಿಕದ ಶರತ್ಕಾಲ ಬಂದಾಗ

ಗಲ್ಫ್‌ನಲ್ಲಿ ಕೆಲಸ ಮಾಡಿದವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ಯಾರದೋ ದೇಶದ ಹಬ್ಬವನ್ನು ಇನ್ಯಾರದೋ ದೇಶದಲ್ಲಿ ನಾವು ನಿಂತು ಮಾಡಿಸಬೇಕು, ಮಾಡಿಸುವಾಗ ನಗಬಾರದು. ತೊಂಬತ್ತರ ದಶಕದಲ್ಲಿ ನಾನು ಮಸ್ಕತ್ತಿನ ಅಲ್ ಖುವೈರ್‌ನಲ್ಲಿ ಒಂದು ಸೂಪರ್‌ಮಾರ್ಕೆಟ್ಟಿನ ತರಕಾರಿ ವಿಭಾಗದ ಸೇಲ್ಸ್‌ಮನ್. ಅಲ್ಲಿಗೆ ಶಿಕಾಗೋದಿಂದ ಹೊಸ ಮ್ಯಾನೇಜರ್ ಬಂದರು. ಬಂದವರೇ, "ಅಕ್ಟೋಬರ್ ಆದರೂ ಈ ಅಂಗಡಿಗೆ ಶರತ್ಕಾಲವೇ ಬಂದಿಲ್ಲವಲ್ಲ!" ಎಂದರು. ಹೊರಗೆ ಆಗಲೂ ಸ್ಟೇರಿಂಗ್ ಮುಟ್ಟಿದರೆ ಕೈ ಸುಡುತ್ತಿತ್ತು.

ಅವರ ಊರಿನಲ್ಲಿ ಆ ಕಾಲಕ್ಕೆ ಎಲೆ ಕೆಂಪಾಗಿ ಉದುರುತ್ತದಂತೆ. ಪೇಟೆಯ ಅಂಗಡಿಗಳೆಲ್ಲ ಕಿತ್ತಳೆ ಬಣ್ಣದಲ್ಲಿ ಸಿಂಗರಿಸಿಕೊಂಡು ಕುಂಬಳಕಾಯಿ ಮಾರುತ್ತವಂತೆ. ಜನ ಅದಕ್ಕೆ ಕಣ್ಣು, ಹಲ್ಲು ಕೊರೆದು, ಒಳಗೆ ದೀಪ ಹಚ್ಚಿ ಬಾಗಿಲಲ್ಲಿ ಇಡುತ್ತಾರಂತೆ. "ಹಡಗಿನಲ್ಲಿ ಕುಂಬಳಕಾಯಿ ಬರ್ತಾ ಇದೆ. ತಿಂಗಳ ಕೊನೆಯೊಳಗೆ ಅಷ್ಟನ್ನೂ ಮಾರಿದರೆ ನೀನೇ ಸೆಕ್ಷನ್ ಇನ್‌ಚಾರ್ಜ್" ಎಂದರು.

ಇನ್‌ಚಾರ್ಜ್ ಆದರೆ ಫ್ಯಾಮಿಲಿ ವೀಸಾ ಸಿಗುತ್ತದೆ. ಉಡುಪಿಯ ಹತ್ತಿರ ನನ್ನ ಹೆಂಡತಿ ಇದ್ದಳು, ನಾನು ಫೋಟೋದಲ್ಲಿ ಮಾತ್ರ ನೋಡಿದ್ದ ಮಗಳಿದ್ದಳು. ಮಗು ನಗುವುದನ್ನು ಹೆಂಡತಿ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿ ಕಳುಹಿಸಿದ್ದಳು. ಕೇಳಿ ಕೇಳಿ ಟೇಪು ಸವೆದಿತ್ತು, ನನಗೆ ಆಸೆ ಮಾತ್ರ ತೀರಿರಲಿಲ್ಲ. ಏನೇ ಆಗಲಿ, ಅಷ್ಟೂ ಕಾಯಿ ಮಾರಿಯೇ ಸೈ ಎಂದು ಹಠ ತೊಟ್ಟೆ.

ಉದುರಿದ ಎಲೆ

ಮೊದಲು ಬಾಗಿಲಿಗೆ ಕೆಂಪೆಲೆ ಬೇಕು ಎಂದರು. ಮಸ್ಕತ್ತಿನಲ್ಲಿ ಇರುವುದು ಖರ್ಜೂರದ ಮರ. ಅದರ ಗರಿ ತಲೆಯ ಮೇಲೆ ಉದುರಿದರೆ ಶರತ್ಕಾಲವಲ್ಲ, ಆಸ್ಪತ್ರೆ. ಆದರೆ ವಾದಿ ಕಬೀರ್‌ನ ಗ್ಯಾರೇಜುಗಳ ಹಿಂದೆ ಒಂದು ಕಾಡುಬಾದಾಮಿ ಮರ ಇರುವುದು ನನಗೆ ಗೊತ್ತಿತ್ತು. ಅದರಡಿ ಬಿದ್ದಿದ್ದ ಕೆಂಪೆಲೆಗಳನ್ನೆಲ್ಲ ಗೋಣಿಯಲ್ಲಿ ತುಂಬಿಸಿ ಶೇರ್ ಟ್ಯಾಕ್ಸಿಯಲ್ಲಿ ತಂದೆ. ಪಕ್ಕದಲ್ಲಿ ಕೂತವರು, "ಆಡಿಗೆ ಮೇವಾ?" ಎಂದು ಕೇಳಿದರು. "ಅಮೆರಿಕನ್ನರಿಗೆ" ಎಂದೆ.

ಮ್ಯಾನೇಜರ್ ಅದನ್ನು ಬಾಗಿಲ ಮುಂದೆ ತಾವೇ ಚೆಲ್ಲಿದರು. ಬೆಳಿಗ್ಗೆ ಬಂದರೆ ಒಂದೆಲೆಯೂ ಇಲ್ಲ, ನೆಲ ಕನ್ನಡಿ. ನಾನು ಮತ್ತೆ ತಂದೆ, ಅವರು ಮತ್ತೆ ಚೆಲ್ಲಿದರು, ಮತ್ತೆ ಮಾಯ. ಕೊನೆಗೆ ಬಾಂಗ್ಲಾದೇಶದ ಕ್ಲೀನರ್ ಗುಟ್ಟಾಗಿ ನನ್ನನ್ನು ಕರೆದು ಹಿಂದಿಯಲ್ಲಿ ಹೇಳಿದ: "ಭಾಯ್, ಯಾರೋ ನನ್ನ ಕೆಲಸ ಕಳೆಯಬೇಕು ಅಂತ ದಿನಾ ಕಸ ತಂದು ಹಾಕ್ತಿದ್ದಾರೆ. ನಾನೂ ಬಿಡುವವನಲ್ಲ!"

ತಿರುಳು

ಕಾಯಿ ಬಂತು. ಮ್ಯಾನೇಜರ್ ಗಿರಾಕಿಗಳ ಮುಂದೆ ಕೊರೆದು ತೋರಿಸಲು ನಿಂತರು. ಮೊದಲು ಒಳಗಿನ ತಿರುಳನ್ನೆಲ್ಲ ಕೆರೆದು ಕಸದ ಡಬ್ಬಿಗೆ ಹಾಕಿದರು. ನೋಡುತ್ತಿದ್ದ ಮೈಸೂರಿನ ಎಂಜಿನಿಯರ್ ಒಬ್ಬರ ಹೆಂಡತಿ ಎದೆ ಮುಟ್ಟಿಕೊಂಡರು. "ಅಯ್ಯೋ, ಪಲ್ಯಕ್ಕೆ ಬೇಕಾದ್ದನ್ನೇ ಎಸೀತಿದ್ದಾರಲ್ಲಪ್ಪಾ!" ಎಂದು ತಮ್ಮ ಚೀಲವನ್ನೇ ಡಬ್ಬಿಯ ಮೇಲೆ ಹಿಡಿದರು.

ಮರುದಿನ ನಮ್ಮ ಕಡೆಯ ಹೆಂಗಸರೆಲ್ಲ ಚೀಲ ಹಿಡಿದು ಸಾಲುಗಟ್ಟಿದರು. ಇಷ್ಟು ಜನ ಸೇರಿದ್ದು ನೋಡಿ ಮ್ಯಾನೇಜರ್ ಹಿಗ್ಗಿದರು. ಸಂಜೆಗೆ ನೋಡಿದರೆ ಒಂದು ಕಾಯಿಯೂ ಮಾರಾಟವಾಗಿರಲಿಲ್ಲ. "ಯಾಕೆ ಕೊಳ್ಳುವುದಿಲ್ಲ ಇವರು?" ಎಂದು ಕೇಳಿದರು. "ಸಾರ್, ನೀವು ಬಿಸಾಡುವುದನ್ನು ಅವರು ತಿನ್ನುತ್ತಾರೆ. ನೀವು ಶೋಕೇಸಿನಲ್ಲಿ ಇಡುವುದನ್ನು ಅವರು ಬಿಸಾಡುತ್ತಾರೆ" ಎಂದೆ.

ಎಲುಬಿನ ಹುಡುಗ

ಆಮೇಲೆ ಮಕ್ಕಳ ಕಾರ್ಯಕ್ರಮ. ಅಮೆರಿಕನ್ ಮಕ್ಕಳು ದೆವ್ವ ಭೂತಗಳ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಚಾಕಲೇಟು ಕೇಳುತ್ತಾರಂತೆ. ಅಂಗಡಿಯ ಹಿಂದೆ ನಾವಿದ್ದ ಬಿಲ್ಡಿಂಗಿಗೆ ಅಮೆರಿಕನ್ ಗಿರಾಕಿಗಳ ಮಕ್ಕಳನ್ನು ಕಳುಹಿಸುವುದೆಂದು ತೀರ್ಮಾನವಾಯಿತು. ಮೊದಲ ಬಾಗಿಲು ಮಂಗಳೂರಿನ ಬಾಯಮ್ಮನದು, ಕೊಂಕಣಿ ಕ್ರಿಶ್ಚಿಯನ್ನರು. ನಾನೇ ಹೋಗಿ, "ಮಕ್ಕಳು ಬರ್ತಾರೆ ಬಾಯಮ್ಮ, ಒಂದೊಂದು ಚಾಕಲೇಟು ಕೊಟ್ಟು ಕಳಿಸಿ" ಎಂದು ಹೇಳಿ ಬಂದಿದ್ದೆ.

ಮಕ್ಕಳು ಒಳಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ತಾಯಂದಿರು ಗಾಬರಿಯಾದರು. ಎಲ್ಲರೂ ಓಡಿ ಹೋಗಿ ನೋಡಿದರೆ, ದೆವ್ವಗಳು ಚಾಪೆಯ ಮೇಲೆ ಸಾಲಾಗಿ ಕೂತು ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಉಣ್ಣುತ್ತಿದ್ದವು. "ಊಟದ ಹೊತ್ತಿಗೆ ಬಂದ ಮಕ್ಕಳನ್ನು ಬರೀ ಚಾಕಲೇಟು ಕೊಟ್ಟು ಕಳಿಸುದುಂಟಾ ಮಾರಾಯ್ರೆ?" ಎಂದು ಬಾಯಮ್ಮ ನನಗೇ ಗದರಿದರು. ಮತ್ತೆ ಅಸ್ಥಿಪಂಜರದ ವೇಷದ ಹುಡುಗನನ್ನು ತೋರಿಸಿ ದನಿ ತಗ್ಗಿಸಿದರು: "ಅದಕ್ಕೆ ಮಾತ್ರ ಎರಡೆರಡು ಸಲ ಬಡಿಸಿದೆ. ಪಾಪ, ಎಲುಬೆಲ್ಲ ಕಾಣ್ತದೆ."

ಬಾಗಿಲ ಕಾಯಿ

ತಿಂಗಳ ಕೊನೆ ಹತ್ತಿರ ಬಂತು, ಕಾಯಿಯ ರಾಶಿ ಕರಗಲಿಲ್ಲ. ಉಳಿದದ್ದು ಒಂದೇ, ರಜೆಯ ದಿನ ಶುಕ್ರವಾರದ ಮಾರಾಟ ಮೇಳ. ಅದಕ್ಕಾಗಿ ಮ್ಯಾನೇಜರ್ ಎಲ್ಲಕ್ಕಿಂತ ದೊಡ್ಡ ಕಾಯಿಗೆ ತಾವೇ ಕೂತು ಕಣ್ಣು, ಮೂಗು, ಕೋರೆಹಲ್ಲು ಕೊರೆದು, ಒಳಗೆ ಮೇಣದ ಬತ್ತಿ ಹಚ್ಚಿ ಬಾಗಿಲಲ್ಲಿ ಇಟ್ಟರು. ಅಮೆರಿಕನ್ ಸಂಸಾರಗಳೆಲ್ಲ ಬಂದು ಸೇರಿದವು.

ಆ ವರ್ಷ ಅದೇ ದಿನ ಆಯುಧಪೂಜೆ. ನಮ್ಮ ಡೆಲಿವರಿ ವ್ಯಾನಿನ ಡ್ರೈವರ್ ಮಂಡ್ಯದವನು. ವ್ಯಾನ್ ತೊಳೆದು, ಹೂವಿನ ಹಾರ ಹಾಕಿ, "ಪೂಜೆ ಮಾಡ್ಕಳ್ಲಾ ಅಣ್ಣಾ?" ಎಂದು ಕೇಳಿದ್ದ. ಗಡಿಬಿಡಿಯಲ್ಲಿ "ಮಾಡ್ಕೊ" ಎಂದಿದ್ದೆ. ಸ್ವಲ್ಪ ಹೊತ್ತಿನಲ್ಲಿ ಹೊರಗೆ ಧಡ್ ಎಂಬ ಸದ್ದು. ಓಡಿ ಹೋದರೆ, ಮ್ಯಾನೇಜರರ ಕಾಯಿ ವ್ಯಾನಿನ ಮುಂದೆ ಚೂರು ಚೂರಾಗಿ ಬಿದ್ದಿದೆ!

"ಏನು ಮಾಡಿದೆಯೋ!" ಎಂದು ಕಿರುಚಿದೆ.

"ಯಾಕಣ್ಣಾ? ನೀವೇ ಮೂತಿ ಬರ್ದು, ದೀಪ ಹಚ್ಚಿ, ಬಾಗ್ಲಲ್ಲಿ ರೆಡಿ ಮಡಗಿದ್ರಲ್ಲ. ಕುಂಕುಮ ಹಾಕಾದು ಮರ್ತಿದ್ರಿ, ನಾನೇ ಹಾಕ್ದೆ."

ಮ್ಯಾನೇಜರ್ ಹೊರಗೆ ಬಂದರು. ಅವರ ಮುಖವೂ ಕುಂಕುಮವೇ. ನನ್ನ ಕಣ್ಣ ಮುಂದೆ ಮಗಳ ಫೋಟೋ ಬಂತು. ಅಷ್ಟರಲ್ಲಿ ಒಬ್ಬ ಅಮೆರಿಕನ್ ಮಹಿಳೆ, "ಇದೇನು?" ಎಂದು ಕೇಳಿದರು. ಬಿಡಬಾರದು ಎಂದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದೆ: "ಇದು ನಮ್ಮ ಶರತ್ಕಾಲದ ಹಬ್ಬ ಮೇಡಂ. ಹೀಗೆ ಒಡೆದರೆ ವರ್ಷಪೂರ್ತಿ ಗಾಡಿಗೆ ಆಕ್ಸಿಡೆಂಟ್ ಆಗುವುದಿಲ್ಲ ಅಂತ ನಂಬಿಕೆ."

ಆಕೆ ಒಮ್ಮೆ ಹೈವೇ ಕಡೆ ನೋಡಿದರು, ಒಮ್ಮೆ ತಮ್ಮ ಕಾರಿನ ಕಡೆ ನೋಡಿದರು. "ನನ್ನದಕ್ಕೂ ಒಡೆಯಬಹುದಾ?"

"ಕಾಯಿ ಒಳಗಿದೆ ಮೇಡಂ, ಬಿಲ್ ಮಾಡಿಸಿ ತನ್ನಿ."

ಪಾರ್ಕಿಂಗ್‌ನಲ್ಲಿ ಕಾರುಗಳ ಸಾಲು ನಿಂತಿತು. ಡ್ರೈವರ್ ಒಂದೊಂದಕ್ಕೂ ಭಕ್ತಿಯಿಂದ ದೃಷ್ಟಿ ತೆಗೆದು ಒಡೆದ. ಮಧ್ಯಾಹ್ನಕ್ಕೆ ಸ್ಟಾಕ್ ಖಲಾಸ್, ಅವನ ರಟ್ಟೆಯೂ ಖಲಾಸ್. ಮ್ಯಾನೇಜರ್ ನನ್ನನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು.

"ಈ ಊರಿನ ರೌಂಡಬೌಟುಗಳಲ್ಲಿ ನಾನು ಆಗಲೇ ಎರಡು ಸಲ ಕಾರು ಗುದ್ದಿಸಿದ್ದೇನೆ" ಎಂದರು ಮೆಲ್ಲಗೆ. "ನನ್ನ ಕಾರಿಗೆ ಒಂದು ಕಾಯಿ ಸಿಕ್ಕೀತಾ?"

"ಇಲ್ಲಿಯ ತೋಟಗಳಿಂದ ತರಿಸಬಹುದು ಸಾರ್. ಆದರೆ ಆರ್ಡರ್ ಹಾಕುವ ಅಧಿಕಾರ ಇನ್‌ಚಾರ್ಜಿಗೆ ಮಾತ್ರ."

ಅವರು ನಕ್ಕು ಪೆನ್ನು ತೆಗೆದರು.

ಸಂಜೆಯೇ ಊರಿಗೆ ಫೋನ್ ಮಾಡಿದೆ. ಪಕ್ಕದ ಮನೆಯ ಫೋನಿಗೆ ಹೆಂಡತಿ ಓಡಿ ಬಂದಳು. ಇನ್‌ಚಾರ್ಜ್ ಆದೆ, ವೀಸಾ ಸಿಗುತ್ತದೆ ಎಂದೆ. ಅವಳು ಅತ್ತುಬಿಟ್ಟಳು. ಸ್ವಲ್ಪ ಸುಧಾರಿಸಿಕೊಂಡು, "ಅಂತೂ ಹೇಗೆ ಸಿಕ್ಕಿತು ಮಾರಾಯ್ರೆ?" ಎಂದು ಕೇಳಿದಳು.

"ಕುಂಬಳಕಾಯಿ ಒಡೆಸಿದೆ" ಎಂದೆ.

ಅವಳ ಅಳು ಫಕ್ಕನೆ ನಿಂತಿತು. "ಒಂದು ಕುಂಬಳಕಾಯಿ ಒಡೆಸ್ಲಿಕ್ಕೆ ನಿಮಗೆ ಇಷ್ಟು ವರ್ಷ ಬೇಕಾಯ್ತಾ?"