ಒಣಮಸಾಲೆಯ ದಂಡಯಾತ್ರೆ

ನಿಮ್ಮ ಸಣ್ಣಜ್ಜ ಗಡಿಯಲ್ಲಿ ಯಾವ ಶತ್ರುವನ್ನು ಹೆದರಿಸಿದನೋ ನನಗೆ ಗೊತ್ತಿಲ್ಲ ಮಕ್ಕಳೇ. ಆದರೆ ಗಜೇಂದ್ರಗಡದ ಕಿರಾಣಿ ಅಂಗಡಿಯವರು ಇವತ್ತಿಗೂ ಅವನನ್ನು ಕಂಡರೆ ಊಟದ ಹೊತ್ತಾಯಿತೆಂದು ಶಟರ್ ಎಳೆಯುತ್ತಾರೆ. ಅದೂ ಬೆಳಗಿನ ಚಹಾದ ಹೊತ್ತಿಗೆ!

ಅವನು ನನ್ನ ಮೈದುನ, ನಿಮ್ಮ ಅಜ್ಜನ ತಮ್ಮ. ಫೌಜಿನಿಂದ ಬಂದು ವರ್ಷಗಳಾದರೂ ಎಮ್ಮೆಗೆ ಹಿಂದಿಯಲ್ಲೇ ಹುಕುಂ ಕೊಡುತ್ತಾನೆ. ಈಗ ಎಮ್ಮೆಗೂ ಕನ್ನಡ ಮರೆತುಹೋಗಿದೆ.

ಅವನ ಜೊತೆ ನೌಕರಿ ಮಾಡಿದ ನಾಗಾಲ್ಯಾಂಡಿನ ಗೆಳೆಯರೊಬ್ಬರಿದ್ದಾರೆ. ಹೆಂಡತಿ ತೀರಿಕೊಂಡ ಮೇಲೆ ಅವರು ಹುಬ್ಬಳ್ಳಿಯಲ್ಲಿ ನರ್ಸ್ ಆಗಿರುವ ಮಗಳ ಮನೆಗೆ ಬಂದಿದ್ದರು. ಅಪ್ಪ ಊಟ ಬಿಟ್ಟಿದ್ದಾನೆ, ತಟ್ಟೆ ಇಟ್ಟರೆ ಗೋಡೆ ನೋಡುತ್ತಾ ಕೂರುತ್ತಾನೆ ಎಂದು ಆ ಹುಡುಗಿ ಫೋನಿನಲ್ಲಿ ಅತ್ತಳಂತೆ. ಆದಿತ್ಯವಾರ ಕರೆದುಕೊಂಡು ಬಾ ಎಂದು ಹೇಳಿ ಫೋನಿಟ್ಟವನೇ ಮೈದುನ ನನ್ನ ಕಡೆ ತಿರುಗಿದ.

"ವೈನಿ, ಅಂವಗ ತಿನ್ನಸದ ಬಿಡಂಗಿಲ್ಲ. ಹೊಗಿಯಾಗ ಬೇಯಿಸಿದ ಹಂದಿ ಮಾಂಸ ಅಂದ್ರ ಅಂವಗ ಜೀವ. ನಾನ ಮಾಡಾಂವ."

ನಮ್ಮ ಮನೆಯಲ್ಲಿ ಕುರಿ, ಕೋಳಿ ನಡೆಯುತ್ತದೆ. ಹಂದಿ ಹೊಸ್ತಿಲು ದಾಟಿದ್ದಿಲ್ಲ. ಹಿತ್ತಲಲ್ಲಿ ಮಾಡಿಕೋ ಎಂದೆ. ಮಸಾಲೆ ಖಾರದ ಡಬ್ಬಿಯನ್ನೂ ಮುಂದಿಟ್ಟೆ. ಅದರಲ್ಲಿ ಬೆರಳದ್ದಿ ನೋಡಿ ತಲೆ ಅಲ್ಲಾಡಿಸಿದ.

"ಎಣ್ಣಿ ಹಾಕಿ ಕುಟ್ಟಿದ್ದು ನಡಿಯಂಗಿಲ್ರಿ. ಒಣಪುಡಿ ತಿಕ್ಕಿದ್ರನ ಹೊಗಿ ಹಿಡಿತೈತಿ. ಅಂಗಡ್ಯಾಗಿನ ಪಾಕೀಟ ಬೇಕು. ನಡೀರಿ, ನಿಮ್ಮ ಮೂಗು ಬೇಕು ನನಗ."

ಮೂಗು ಬೇಕಂತೆ! ಮೂಗು ಹೋದಲ್ಲಿ ನಾನೂ ಹೋಗಬೇಕಲ್ಲ? ಅಂಗಡಿಯಲ್ಲಿ ಉಪ್ಪನ್ನೂ ಪಿಸುಗುಟ್ಟಿ ಕೇಳುವವಳು ನಾನು.

ಮೊದಲ ಅಂಗಡಿಯ ಮಾಲೀಕರು ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದರು. "ಯಾತಕ್ಕ ಬೇಕ್ರಿ ಮಸಾಲಿ?" ಎಂದರು.

"ಹಂದಿಗೆ!" ಎಂದ ಇವನು, ಕವಾಯತಿನ ದನಿಯಲ್ಲಿ.

ಅಲ್ಲಿದ್ದ ಹೆಂಗಸರೆಲ್ಲ ತಿರುಗಿ ನನ್ನನ್ನೇ ನೋಡಬೇಕೇ!

"ಹಂದಿಗೆ ಏನಾಗೇತ್ರಿ? ಹೊಟ್ಟಿ ಉಬ್ಬೇತೇನು? ದನದ ದವಾಖಾನಿ ಆ ಕಡೆ ಐತ್ರಿ."

"ಏನೂ ಆಗಿಲ್ರೀ. ತಿನ್ನಾಕ ಬೇಕು!"

"ಹಂದಿ ಮಸಾಲಿ ತಿಂತೈತೇನ್ರಿ?"

ನಾನು ಸೆರಗನ್ನು ಎಷ್ಟು ಮುಂದಕ್ಕೆ ಎಳೆದುಕೊಂಡೆನೆಂದರೆ ಹೊರಗೆ ಉಳಿದದ್ದು ಮೂಗು ಮಾತ್ರ. ಹೇಗೂ ಬೇಕಾಗಿದ್ದು ಅದೊಂದೇ ತಾನೆ!

ಅಲ್ಲಿ ಸಿಗಲಿಲ್ಲ, ಗಜೇಂದ್ರಗಡದ ಬೇರೆ ಅಂಗಡಿಗಳಲ್ಲೂ ಸಿಗಲಿಲ್ಲ. ಮನೆಗೆ ಹೋಗೋಣ ಎಂದರೆ ರೋಣದ ಬಸ್ಸು ಹತ್ತಿಸಿದ. ರೋಣದ ಅಂಗಡಿಯಲ್ಲಿ ಒಂದೊಂದೇ ಪಾಕೀಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸತೊಡಗಿದ. ಒಣಗಿದ ಪುಡಿ ಸರಸರ ಅನ್ನುತ್ತದಂತೆ, ಥಂಡಿ ಹಿಡಿದದ್ದು ಸುಮ್ಮನಿರುತ್ತದಂತೆ.

"ಅಜ್ಜಾರ, ಅದು ರೇಡಿಯೋ ಅಲ್ರಿ," ಎಂದ ಅಂಗಡಿಯವನು.

ಇವನು ಕೇಳಿಸಿಕೊಂಡರೆ ತಾನೆ? ಕನ್ನಡಕ ಏರಿಸಿ ಪಾಕೀಟಿನ ಬೆನ್ನು ಓದಿದ. "ಸಕ್ರಿ ಹಾಕ್ಯಾರ! ಇದು ಮಾಂಸಕ್ಕೋ ಹೋಳಿಗಿಗೋ?" ಅದು ನಾಪಾಸು. ಇನ್ನೊಂದರ ಮೇಲೆ ಕೋಳಿಯ ಚಿತ್ರವಿತ್ತು. "ಇದು ಬ್ಯಾರೆ ರೆಜಿಮೆಂಟಿಂದು," ಎಂದು ಅದನ್ನೂ ಇಟ್ಟುಬಿಟ್ಟ.

ಮರುದಿನ ನರಗುಂದ. ಅಲ್ಲಿಯ ಅಂಗಡಿಯವ ಪುಣ್ಯಾತ್ಮ, ಮಾದರಿಗೆಂದು ಪಾಕೀಟು ಒಡೆದು ಮೂಸಲು ಕೊಟ್ಟ. ಒಂದರಲ್ಲಿ ಜೀರಿಗೆ ಸೀದಿತ್ತು, ಇನ್ನೊಂದು ಬರೀ ಬಣ್ಣ. ಮತ್ತೊಂದನ್ನು ಮೂಸಿದೆ ನೋಡಿ, ಮೆಣಸು, ಶುಂಠಿ, ಕೊತ್ತಂಬರಿ ಮೂರೂ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದವು. "ಇದು," ಎಂದೆ. ಎರಡು ದಿನದಲ್ಲಿ ಅಂಗಡಿಯೊಳಗೆ ನಾನಾಡಿದ್ದು ಅದೊಂದೇ ಮಾತು. ಮೈದುನ ಅಲ್ಲೇ, ಗಿರಾಕಿಗಳ ಮುಂದೆಯೇ, ನನಗೆ ಸೆಲ್ಯೂಟ್ ಹೊಡೆದ!

ಶನಿವಾರ ಪರೀಕ್ಷೆ. ಮಾಂಸ ಬರುವುದು ಮರುದಿನವಾದ್ದರಿಂದ ಬದನೆಕಾಯಿಗೇ ಪುಡಿ ತಿಕ್ಕಿ, ತೂತು ಹೊಡೆದ ಡ್ರಮ್ಮಿನೊಳಗೆ ನೇತುಹಾಕಿ, ಕೆಳಗೆ ಹತ್ತಿಕಟ್ಟಿಗೆಗೆ ಬೆಂಕಿಯಿಟ್ಟ. ಹೊಗೆ ಓಣಿಯೆಲ್ಲ ತುಂಬಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವನು ತನ್ನ ಎಮ್ಮೆಯನ್ನು ಹೊಡೆದುಕೊಂಡು ಬಂದು ಡ್ರಮ್ಮಿನ ಪಕ್ಕದಲ್ಲೇ ಕಟ್ಟಿದ.

"ನೊಣಕ್ಕ ಚಲೋ ಹೊಗಿ ಹಾಕೀರಿ ಕಾಕಾ. ನಮ್ದೂ ಒಂದು ನಿಂದರ್ಲಿ!"

ಆದಿತ್ಯವಾರ ಮಗಳು ಅಪ್ಪನನ್ನು ಕರೆತಂದಳು. ಅಂಗಿಯೊಳಗೆ ಮನುಷ್ಯ ಇದ್ದಾರೋ ಇಲ್ಲವೋ ಅನ್ನುವಷ್ಟು ಸೊರಗಿದ್ದರು. ಹಿತ್ತಲಲ್ಲಿ ಚಾಪೆ ಹಾಸಿ, ಬೆಳಗಿನಿಂದ ಹೊಗೆಯಲ್ಲಿ ಬೆಂದ ಮಾಂಸವನ್ನು ಮುಂದಿಟ್ಟೆವು. ಅವರು ಬೇವಿನ ಮರ ನೋಡುತ್ತಾ ಕೂತರು. ನೀನು ತಿನ್ನದೆ ನಾನೂ ತಿನ್ನೆ ಎನ್ನುವಂತೆ ಮೈದುನ ತನ್ನ ತಟ್ಟೆಯನ್ನು ಬೋರಲು ಹಾಕಿ, ಎದುರಿಗೆ ಕೂತು, ಒಂದು ತುಂಡನ್ನು ರೊಟ್ಟಿಯಲ್ಲಿ ಸುತ್ತಿ ಅವರ ಮುಂದೆ ಕೈ ಚಾಚಿದ.

ಮಕ್ಕಳೇ, ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ. ನಿಮ್ಮ ಅಜ್ಜ ಹೋದಾಗ ನಾನೂ ಹೀಗೇ ಅನ್ನ ನೀರು ಬಿಟ್ಟು ಕೂತಿದ್ದೆ. ಬಂಧುಗಳು ಬುತ್ತಿ ತಂದರು, ಸಮಾಧಾನ ಹೇಳಿದರು, ಎದ್ದು ಹೋದರು. ಇವನು ಮಾತ್ರ ರೊಟ್ಟಿಯ ಚೂರು ಹಿಡಿದು ಎದುರಿಗೆ ಕೂತ. ಕೈಯಲ್ಲಿ ರೊಟ್ಟಿ ಒಣಗಿತು, ಇವನು ಕೈ ಇಳಿಸಲಿಲ್ಲ. ನಾನು ಬಾಯಿ ತೆರೆಯುವವರೆಗೂ ಇಳಿಸಲಿಲ್ಲ.

ಈಗಲೂ ಇಳಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವರು ಆ ತುತ್ತು ತೆಗೆದುಕೊಂಡರು. ನಿಧಾನವಾಗಿ ಅಗಿದರು. ಹುಬ್ಬು ಗಂಟಿಕ್ಕಿ ಹಿಂದಿಯಲ್ಲಿ ಏನೋ ಅಂದರು.

ತನ್ನ ಅಡುಗೆಯಲ್ಲಿ ಯಾರಾದರೂ ತಪ್ಪು ಹುಡುಕಿದರೆ ವಾರಗಟ್ಟಲೆ ಮಾತು ಬಿಡುವ ನನ್ನ ಮೈದುನ ಹಿಗ್ಗಿ ಕೂಗಿದ: "ಉಪ್ಪು ಹೆಚ್ಚಾಗೇತಂತ್ರೀ ವೈನಿ! ಉಪ್ಪು ಹೆಚ್ಚಾಗೇತಂತ!"

ಅಷ್ಟರಲ್ಲಿ ಅವರ ಕೈ ತಾನಾಗಿಯೇ ತಟ್ಟೆಗೆ ಹೋಗಿತ್ತು.

"ಬಿಸಿ ರೊಟ್ಟಿ ತರ್ರಿ, ಲಗೂ!"

ನಾನು ಓಡಿದೆ. ಸೆರಗು ಜಾರಿದ್ದೂ ತಿಳಿಯದೆ ಆ ಪರವೂರಿನ ಗಂಡಸಿನ ಮುಂದೆ ಬಗ್ಗಿ, ಬೇಡ ಎಂದರೂ ಕೇಳದೆ, ಎರಡು ರೊಟ್ಟಿ ಬಡಿಸಿದೆ.