ಬೋಗುಣಿಗೊಂದು ಸಂಬಂಧ

ನಮ್ಮ ಮನೆಯ ತಟ್ಟೆ ಬಟ್ಟಲುಗಳಲ್ಲಿ ಎರಡು ಪಂಗಡಗಳಿವೆ. ಉಣ್ಣುವುದಕ್ಕೆ ಇರುವವು, ನೋಡುವುದಕ್ಕೆ ಇರುವವು. ಉಣ್ಣುವುದಕ್ಕೆ ಇರುವವೆಲ್ಲ ಸ್ಟೀಲಿನವು. ಸಾರು, ಹುಳಿ, ಬೈಗುಳ ಎಲ್ಲವನ್ನೂ ಸಹಿಸಿಕೊಂಡು, ಸಿಂಕಿನಲ್ಲಿ ಬಿದ್ದು ಹೊರಳಾಡಿ, ಮತ್ತೆ ಎದ್ದು ಸ್ಟ್ಯಾಂಡಿಗೆ ಹೋಗಿ ಕೂರುತ್ತವೆ. ನೋಡುವುದಕ್ಕೆ ಇರುವವು ನನ್ನವು, ಹಳೆಯ ಕಾಲದ ಇಂಗ್ಲಿಷ್ ಪಿಂಗಾಣಿ. ಅವು ನಡುಮನೆಯ ಗಾಜಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಠೀವಿಯಿಂದ ಕೂತಿವೆ. ಅವುಗಳಲ್ಲಿ ಮೊನ್ನೆ ಮೊನ್ನೆಯವರೆಗೆ ನಾನಾಗಲಿ ಮನೆಯವರಾಗಲಿ ಒಂದು ತುತ್ತು ಉಂಡವರಲ್ಲ, ಒಂದು ಗುಟುಕು ಕುಡಿದವರಲ್ಲ. "ಇಷ್ಟೊಂದು ತಟ್ಟೆ ಇಟ್ಕೊಂಡು ಇನ್ನೂ ಸ್ಟೀಲ್ ಲೋಟದಲ್ಲೇ ಕಾಫಿ ಕುಡಿಯೋ ಮನೆ ಮೈಸೂರಲ್ಲಿ ನಮ್ಮದೊಂದೇ" ಎಂದು ನಮ್ಮ ಯಜಮಾನರು ಬಂದವರಿಗೆಲ್ಲ ಹೇಳುತ್ತಾರೆ. ನಾನು ಕೇಳಿಸದವಳ ಹಾಗೆ ಬೀರುವಿನ ಗಾಜು ಒರೆಸುತ್ತೇನೆ. ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಹೇಳಿಕೊಡುವವಳು. ಅಲ್ಲಿ ಮಕ್ಕಳು ಬೀಕರು ಒಡೆದರೆ "ಇರ್ಲಿ ಬಿಡ್ರಪ್ಪ, ಕಾಲಿಗೆ ಚುಚ್ಚಿಸ್ಕೋಬೇಡಿ" ಎನ್ನುವಷ್ಟು ಉದಾರಿ. ಮನೆಯಲ್ಲಿ ಮಾತ್ರ ಯಾರಾದರೂ ಆ ಬೀರುವಿನ ಪಕ್ಕ ನಿಂತು ಸೀನಿದರೂ ನನ್ನ ಎದೆ ಧಸಕ್ಕೆನ್ನುತ್ತದೆ.

ಈ ಹುಚ್ಚು ಹತ್ತಿದ್ದು ಕುಕ್ಕರಿನ ಗ್ಯಾಸ್ಕೆಟ್ಟಿನಿಂದ. ಅದನ್ನು ತರಲೆಂದು ದೇವರಾಜ ಮೊಹಲ್ಲಾಕ್ಕೆ ಹೋದವಳು, ದಾರಿಯಲ್ಲಿ ಅನ್ವರ್ ಸಾಹೇಬರ ಹಳೇ ಸಾಮಾನಿನ ಅಂಗಡಿಯ ಮುಂದೆ ಒಂದು ಸಾಸರ್ ಕಂಡೆ. ಕಪ್ಪಿರಲಿಲ್ಲ, ಬರೀ ಸಾಸರ್. ಅಂಚಿನಲ್ಲಿ ಪುಟ್ಟ ಪುಟ್ಟ ಗುಲಾಬಿ, ತಿರುಗಿಸಿದರೆ ತಳದಲ್ಲಿ ಕಿರೀಟದ ಮುದ್ರೆ. ಬೆಳಕಿಗೆ ಹಿಡಿದರೆ ಆಚೆ ಕಡೆ ಇಟ್ಟ ಬೆರಳು ನೆರಳಾಗಿ ಕಾಣಿಸಿತು. ಅಷ್ಟೇ, ಬಿದ್ದುಹೋದೆ. ಅವತ್ತು ಮನೆಗೆ ಸಾಸರ್ ಬಂತು, ಗ್ಯಾಸ್ಕೆಟ್ ಬರಲಿಲ್ಲ. ವಾರಗಟ್ಟಲೆ ಬೇಳೆ ಬೇಯದೆ ಎಲ್ಲರೂ ಗಟ್ಟಿ ಹುಳಿ ಉಂಡರು. ಹೂಟಗಳ್ಳಿಯಲ್ಲಿ ಹೊಸ ಮನೆ ಕಟ್ಟಿಸುವಾಗ ದೇವರ ಮನೆಗಿಂತ ಮೊದಲು ನಾನು ಬೀರುವಿನ ಅಳತೆ ಕೊಟ್ಟೆನೆಂದು ನಮ್ಮ ಯಜಮಾನರು ಹೇಳುವುದುಂಟು. ಅದು ಸುಳ್ಳು. ಎರಡನ್ನೂ ಒಟ್ಟಿಗೆ ಕೊಟ್ಟೆ.

ನಮ್ಮತ್ತೆಯದು ಹಿಂದಿನಿಂದ ಅರಮನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಮನೆತನ. ಎಂಬತ್ತು ದಾಟಿದ್ದರೂ ಅಡುಗೆಮನೆಯ ಆಡಳಿತ ಇನ್ನೂ ಅವರ ಕೈಯಲ್ಲೇ. ಅವರ ಕಾನೂನಿನಲ್ಲಿ ಒಲೆಯ ಹತ್ತಿರ ಬರಲು ಯೋಗ್ಯತೆ ಇರುವ ಪಿಂಗಾಣಿ ಒಂದೇ, ಉಪ್ಪಿನಕಾಯಿ ಜಾಡಿ. ಮಿಕ್ಕಿದ್ದೆಲ್ಲ ಇಂಗ್ಲಿಷ್ ದೊರೆಗಳು ಉಂಡು ಬಿಟ್ಟ ಎಂಜಲು. ಪಿಂಗಾಣಿಯಲ್ಲಿ ಮೂಳೆಯ ಬೂದಿ ಬೆರೆಸಿ ಮಾಡುವ ಜಾತಿಯೂ ಒಂದಿದೆಯೆಂದು ಟಿ.ವಿ.ಯಲ್ಲಿ ಯಾರೋ ಹೇಳಿದ ಮೇಲಂತೂ, ನಾನು ಏನು ತಂದರೂ ಬಾಗಿಲಲ್ಲೇ ವಿಚಾರಣೆ. "ಸುಮಾ, ಇದರಲ್ಲಿ ಮೂಳೆ ಇದ್ಯೇನಮ್ಮಾ?" ಆ ಜಾತಿಯದನ್ನು ತರುವುದಿಲ್ಲವೆಂದು ನಾನು ಅವರಿಗೆ ಮಾತು ಕೊಟ್ಟಿದ್ದೇನೆ, ಉಳಿಸಿಕೊಂಡೂ ಇದ್ದೇನೆ. ಆದರೂ ಕೇಳುತ್ತಾರೆ. ಒಮ್ಮೆ ಕೊರಿಯರಿನವನು ತಂದ ಚಪ್ಪಲಿಯ ಡಬ್ಬಕ್ಕೂ ಕೇಳಿದರು.

ಹೀಗಿರುವಾಗ ಅನ್ವರ್ ಸಾಹೇಬರ ಅಂಗಡಿಯಲ್ಲಿ ಆ ಬೋಗುಣಿ ಸಿಕ್ಕಿತು. ದೊರೆಗಳು ಮೇಜಿನ ನಡುವೆ ಇಟ್ಟು ಸೂಪು ಬಡಿಸುತ್ತಿದ್ದ ದೊಡ್ಡ ಬೋಗುಣಿ. ಹಾಲಿನ ಕೆನೆಯ ಬಣ್ಣ, ಮೈತುಂಬ ನೀಲಿ ಹೂಬಳ್ಳಿ, ಅಂಚಿಗೆ ಚಿನ್ನದ ಗೆರೆ, ಎರಡು ಕಡೆ ಕಿವಿಯಂಥ ಹಿಡಿಗಳು. ಬೆನ್ನಿನಲ್ಲಿ ಒಂದು ಕೂದಲೆಳೆಯಷ್ಟು ಬಿರುಕಿತ್ತು, ಅದನ್ನು ಗೋಡೆಯ ಕಡೆ ತಿರುಗಿಸಿಟ್ಟರೆ ಆಯಿತು. ಇದ್ದ ಕೊರತೆ ಒಂದೇ. ಮುಚ್ಚಳವಿರಲಿಲ್ಲ. ಮೊದಲು ನಾನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಬೀರುವಿನ ನಟ್ಟನಡುವೆ ಬಾಯಿ ತೆರೆದುಕೊಂಡು ಕೂತ ಅದನ್ನು ನೋಡಿದಾಗಲೆಲ್ಲ, ಏನೋ ಹೇಳಲು ಹೊರಟು ಮರೆತುಹೋದವರ ಎದುರು ನಿಂತ ಹಾಗಾಗುತ್ತಿತ್ತು. ಊರಿನ ಹಳೇ ಸಾಮಾನಿನ ಅಂಗಡಿಗಳಲ್ಲೆಲ್ಲ ಮುಚ್ಚಳ ಕೇಳಿಕೊಂಡು ಅಲೆದೆ. ಕೊನೆಗೆ ಅನ್ವರ್ ಸಾಹೇಬರೇ ತಲೆ ಕೆರೆದುಕೊಂಡು ಹೇಳಿದರು. "ಮೇಡಂ, ಅದೇ ಹೂವಿನ ಮುಚ್ಚಳ ಒಂದು ಬಂದಿತ್ತು. ಬೋಗುಣಿ ಬರೋಕೆ ಎಷ್ಟೋ ಮುಂಚೆ. ಲಕ್ಷ್ಮೀಪುರಂನಲ್ಲಿ ಸರ್ವಮಂಗಳಮ್ಮ ಅಂತ ಇದಾರೆ, ಅವರಿಗೆ ಕೊಟ್ಬುಟ್ಟೆ. ಪಾಪ, ಅವರೂ ಬೋಗುಣಿ ಹುಡುಕ್ತಾನೇ ಇದಾರೆ."

ಮಾರನೆಯ ದಿನವೇ ಲಕ್ಷ್ಮೀಪುರಂಗೆ ಓಡಿದೆ. ಸರ್ವಮಂಗಳಮ್ಮ ರಿಟೈರಾದ ಸಂಗೀತದ ಟೀಚರು. ದೊಡ್ಡ ಕುಂಕುಮ, ಅದಕ್ಕಿಂತ ದೊಡ್ಡ ನಗು. ಅವರ ಬೀರು ನನ್ನದಕ್ಕಿಂತ ಒಂದು ಅಡಿ ಅಗಲವಿದ್ದದ್ದು ನನಗೆ ಒಳಗೇ ಚುಚ್ಚಿತು. ಅದರ ನಡುವೆ ನನ್ನ ಮುಚ್ಚಳ, ತಲೆಯ ಮೇಲೆ ಮೊಗ್ಗಿನಂಥ ಹಿಡಿ ಇಟ್ಟುಕೊಂಡು, ಏನನ್ನೂ ಮುಚ್ಚದೆ ಸುಮ್ಮನೆ ಕೂತಿತ್ತು. ನಾನು ಒಂದು ತಂತ್ರ ಹೂಡಿದೆ. ಮುಚ್ಚಳವನ್ನು ಕೈಗೆತ್ತಿಕೊಂಡು, ತಜ್ಞೆಯ ಮುಖ ಮಾಡಿ, "ಅಯ್ಯೋ, ಅಂಚಿನಲ್ಲಿ ಚಕ್ಕೆ ಎದ್ದಿದೆಯಲ್ಲ. ಒಡೆದದ್ದಕ್ಕೆ ಏನೂ ಬೆಲೆ ಇರಲ್ಲ. ನಿಮಗ್ಯಾಕೆ ಇದು, ನನಗೆ ಕೊಟ್ಬಿಡಿ" ಎಂದೆ. ನಿಜಕ್ಕೂ ಅಂಚಿನ ಒಂದು ಕಡೆ ಅರ್ಧಚಂದ್ರದಂಥ ಒಂದು ತುಣುಕೇ ಇರಲಿಲ್ಲ. ಸರ್ವಮಂಗಳಮ್ಮನಿಗೆ ಪೆಚ್ಚಾಯಿತು. ಆ ಕಡೆಯನ್ನು ಅವರೂ ಗೋಡೆಗೆ ತಿರುಗಿಸಿಯೇ ಇಟ್ಟಿದ್ದರು. ಆದರೆ ತಕ್ಷಣ ಚೇತರಿಸಿಕೊಂಡು, "ಒಡೆದಿದ್ರೂ ನಂದೇ ಕಣ್ರೀ. ನೀವೇ ಬೋಗುಣಿ ಕೊಟ್ಬಿಡಿ" ಎಂದರು. ನಾನು ಕೊಡೆ, ಅವರು ಕೊಡರು. ಕಾಫಿ ಮಾತ್ರ ಕೊಟ್ಟರು, ಸ್ಟೀಲ್ ಲೋಟದಲ್ಲಿ.

ನಾನು ಸಪ್ಪಗೆ ಮುಖ ಮಾಡಿಕೊಂಡು ಮನೆಗೆ ಬಂದು ಅತ್ತೆಯ ಮುಂದೆ ಎಲ್ಲ ಹೇಳಿಕೊಂಡೆ. ಮೂಳೆಯ ವಿಚಾರಣೆ ಬಿಟ್ಟರೆ ಪಿಂಗಾಣಿಯ ವಿಷಯಕ್ಕೆ ಎಂದೂ ತಲೆ ಹಾಕದವರು ಅವತ್ತು ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳಿದರು. "ಇದೇನು ಜಗಳ ಆಡೋ ವಿಷಯವೇನಮ್ಮಾ? ಒಂದು ಹೆಣ್ಣು ಅಲ್ಲಿದೆ, ಒಂದು ಗಂಡು ಇಲ್ಲಿದೆ. ಸಂಬಂಧ ಕೇಳಬೇಕಪ್ಪ. ಅವರನ್ನ ಮನೆಗೆ ಕರಿ, ಉಪ್ಪಿಟ್ಟು ಕೇಸರಿಭಾತು ನಾನು ಮಾಡ್ತೀನಿ." ಅತ್ತೆ ತಮ್ಮ ಕಾಲದಲ್ಲಿ ಎಷ್ಟೋ ಮದುವೆಗಳನ್ನು ಕುದುರಿಸಿದವರು. ಬಹಳ ದಿನಗಳಿಂದ ಆ ಕೈಗೆ ಕೆಲಸವಿರಲಿಲ್ಲ. ನಾನು ನಕ್ಕೆ, ಆದರೆ ಫೋನ್ ಮಾಡಿದೆ. ಸರ್ವಮಂಗಳಮ್ಮ ಅದಕ್ಕಿಂತ ಜೋರಾಗಿ ನಕ್ಕು, ಭಾನುವಾರ ಮುಚ್ಚಳವನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿಕೊಂಡು ಆಟೋದಲ್ಲಿ ಬಂದಿಳಿದರು.

ಆ ದಿನ ನಮ್ಮ ನಡುಮನೆ ಥೇಟು ಹೆಣ್ಣು ನೋಡುವ ಮನೆಯೇ. ಬೋಗುಣಿಯನ್ನು ಬಿರುಕು ಕಾಣದ ಹಾಗೆ ಕೂರಿಸಿದೆ. ಅವರು ಮುಚ್ಚಳವನ್ನು ಚಕ್ಕೆ ಕಾಣದ ಹಾಗೆ ಕೂರಿಸಿದರು. ತಳದ ಮುದ್ರೆ, ಒಳಗಿನ ಗುರುತು ಎಲ್ಲ ಒಂದೇ ಎಂದು ಗೊತ್ತಾದಾಗ ಅತ್ತೆ "ಜಾತಕ ಕೂಡಿಬಂತು" ಎಂದರು. ಮುಚ್ಚಳವನ್ನು ಎತ್ತಿ ಬೋಗುಣಿಯ ಮೇಲಿಟ್ಟೆವು. ಟಿಣ್ ಎಂದು ಎಷ್ಟು ಸಣ್ಣ ಸದ್ದು! ಅಷ್ಟು ವರ್ಷ ತೆರೆದಿದ್ದ ಬಾಯಿ ಮುಚ್ಚಿತು. ನನಗೆ ಕಣ್ಣು ತುಂಬಿ ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಮುಂದಿನದು ಯಾವ ಮನೆಗೆ ಎಂಬ ಪ್ರಶ್ನೆ. ಅತ್ತೆ ಗಂಟಲು ಸರಿಮಾಡಿಕೊಂಡು, "ಹೆಣ್ಣು ತಾನೇ ಗಂಡನ ಮನೆಗೆ ಬರೋದು? ಮುಚ್ಚಳ ನಮ್ಮನೆಗೆ ಬರ್ಲಿ" ಎಂದರು.

"ಅದೆಂಗ್ರಮ್ಮಾ? ಮುಚ್ಚಳ ಹೆಣ್ಣು ಅಂತ ಯಾರು ಹೇಳಿದ್ದು?" ಸರ್ವಮಂಗಳಮ್ಮ ಕೇಸರಿಭಾತಿನ ತಟ್ಟೆ ಕೆಳಗಿಟ್ಟರು. "ಒಂದು ಕೆಲಸ ಮಾಡದೆ ಮೇಲೆ ಹತ್ತಿ ಕೂತ್ಕೊಳ್ಳೋದು ಗಂಡೋ ಹೆಣ್ಣೋ, ನೀವೇ ಹೇಳಿ."

ಅತ್ತೆಗೆ ನಗು ತಡೆಯಲಾಗಲಿಲ್ಲ. "ಅದೂ ನಿಜ ಕಣ್ರೀ! ಸುಡೋದನ್ನೆಲ್ಲ ಹೊಟ್ಟೇಲಿ ಇಟ್ಕೊಂಡು ತೆಪ್ಪಗೆ ಕೂರೋಳು ಹೆಣ್ಣೇ. ನಮ್ಮೆಜಮಾನ್ರು ಜೀವಮಾನವೆಲ್ಲ ಮುಚ್ಚಳದ ಹಾಗೇ ಇದ್ರು." ಪೇಪರಿನ ಹಿಂದೆ ಕೂತಿದ್ದ ಅವರ ಮಗ ಕೆಮ್ಮಿದರು.

"ಹಾಗಾದ್ರೆ ಹೆಣ್ಣು ನಿಮ್ಮದು ಅಂತಾಯ್ತು. ಯಾವಾಗ ಕಳಿಸಿಕೊಡ್ತೀರಿ?"

ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಯಾವ ಮದುವೆ ಮಾತುಕತೆಯಲ್ಲೂ ಸೋಲದವರು ಒಂದು ತಮಾಷೆಗಾಗಿ ನನ್ನ ಬೋಗುಣಿಯನ್ನೇ ಸೋತಿದ್ದರು. ಆದರೆ ಎಂಟು ಜನರೆದುರು ಆಡಿದ್ದಾಗಲಿ, ಒಬ್ಬರೆದುರು ಆಡಿದ್ದಾಗಲಿ, ಅವರಿಗೆ ಮಾತು ಮಾತೇ. "ಮುಂದಿನ ಶುಕ್ರವಾರ" ಎಂದರು ಮೆಲ್ಲಗೆ. ನಾನು ಒಳಗೆ ಹೋಗಿ ಕಾಫಿ ಡಿಕಾಕ್ಷನ್ನಿನ ಮೇಲೆ ಸಿಟ್ಟು ತೀರಿಸಿಕೊಂಡೆ.

ಶುಕ್ರವಾರ ಅತ್ತೆ ಬೋಗುಣಿಗೆ ಅರಿಶಿನ ಕುಂಕುಮವಿಟ್ಟು, ಮಡಿಲಿಗೆ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ತುಂಬಿದರು. ಕಾರಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವಾಗ ನಾನು ಹೆಣ್ಣು ಹೆತ್ತವರ ಕಷ್ಟವನ್ನೆಲ್ಲ ಅನುಭವಿಸಿದೆ. ರಸ್ತೆಯ ಪ್ರತಿಯೊಂದು ಹಂಪಿಗೂ ನಮ್ಮ ಯಜಮಾನರನ್ನು ಬೈದೆ, ಹಂಪುಗಳನ್ನು ಅವರೇ ಹಾಕಿಸಿದವರಂತೆ. ಲಕ್ಷ್ಮೀಪುರಂನಲ್ಲಿ ಬೀಗರ ಊಟ ಕಾದಿತ್ತು. ಅಲ್ಲಿ ಸರ್ವಮಂಗಳಮ್ಮ ಬಾಂಬು ಹಾಕಿದರು. "ಇವತ್ತು ಸಾರು ಬಡಿಸೋದು ಇದರಲ್ಲೇ. ಮದುವೆಯಾದ ಮೇಲೆ ಸಂಸಾರ ಮಾಡಬೇಕಲ್ವ?" ನಾನು ಮನಸ್ಸಿನಲ್ಲೇ ಕಿರುಚಿದೆ. ಕುದಿಯುವ ಸಾರು! ಬೆನ್ನಲ್ಲಿ ಬಿರುಕಿರುವ ಹುಡುಗಿ! ಅರಿಶಿನದ ಕಲೆ! ಆದರೆ ನಾನು ಬಿರುಕಿನ ವಿಷಯ ಮುಚ್ಚಿಟ್ಟವಳು, ಈಗ ಬಾಯಿ ಬಿಡುವ ಹಾಗಿಲ್ಲ. ಅತ್ತೆ ನನ್ನ ಕೈ ಅದುಮಿ, ಉಪ್ಪಿನಕಾಯಿ ಜಾಡಿಗೆ ಮಾಡುವ ಹಾಗೆ ಬೋಗುಣಿಯನ್ನು ಮೊದಲು ಉಗುರು ಬೆಚ್ಚಗಿನ ನೀರಿನಿಂದ ತೊಳೆದು, ಸಾರನ್ನು ಸ್ವಲ್ಪ ಸ್ವಲ್ಪವೇ ಹುಯ್ದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಏನೂ ಆಗಲಿಲ್ಲ. "ನೀವು ಇದರಲ್ಲಿ ಬಡಿಸಿದ್ದು ಉಣ್ತೀರಾ ಅತ್ತೆ?" ಎಂದು ಪಿಸುಗುಟ್ಟಿದೆ. "ಬೀಗರ ಮನೇಲಿ ಮಡಿ ಮಾತಾಡಬಾರದು. ಸುಮ್ನಿರು" ಎಂದರು.

ಬಡಿಸಿದ ಮೇಲೆ ಸೌಟನ್ನು ಎಲ್ಲಿಡುವುದು? ಹೊಸ ಮೇಜುಬಟ್ಟೆ, ಹೊರಗಿಟ್ಟರೆ ತೊಟ್ಟಿಕ್ಕುತ್ತದೆ. ಅತ್ತೆ ಸೌಟನ್ನು ಬೋಗುಣಿಯಲ್ಲೇ ಬಿಟ್ಟು, ಮುಚ್ಚಳವನ್ನು ಒಂದಿಷ್ಟು ತಿರುಗಿಸಿ ಮುಚ್ಚಿದರು. ಸೌಟಿನ ಹಿಡಿ ಆ ಅರ್ಧಚಂದ್ರದೊಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. "ಇದು ಚಕ್ಕೆ ಎದ್ದಿರೋದಲ್ಲ ಕಣ್ರಮ್ಮಾ. ಸೌಟಿಗೆ ಬಿಟ್ಟಿರೋ ಜಾಗ" ಎಂದರು ಅತ್ತೆ. ನಾನೂ ಸರ್ವಮಂಗಳಮ್ಮನೂ ಬಗ್ಗಿ ನೋಡಿದೆವು. ಅಂಚಿನ ಚಿನ್ನದ ಗೆರೆ ಆ ಅರ್ಧಚಂದ್ರವನ್ನೂ ಸುತ್ತಿಕೊಂಡೇ ಹೋಗಿತ್ತು! ಮುದ್ರೆ, ಗುರುತು, ಮಣ್ಣು, ಹೊಳಪು ಎಲ್ಲ ಬಲ್ಲ ನಾವಿಬ್ಬರೂ ಆ ಗೆರೆಯನ್ನು ನೋಡಿರಲಿಲ್ಲ. ಒಬ್ಬಳು ಐಬೆಂದು ಹೀಯಾಳಿಸಿದ್ದಳು, ಇನ್ನೊಬ್ಬರು ಐಬೆಂದು ಬಚ್ಚಿಟ್ಟಿದ್ದರು. ಅವತ್ತು ನಕ್ಕ ನಗುವಿಗೆ ಸರ್ವಮಂಗಳಮ್ಮನ ಕನ್ನಡಕ ಸಾರಿಗೆ ಬಿತ್ತು. ಆ ಗದ್ದಲದಲ್ಲೇ ನಾನು ಬಿರುಕಿನ ವಿಷಯವನ್ನೂ ಹೇಳಿಬಿಟ್ಟೆ. "ನೋಡಿದೀನಿ ಬಿಡ್ರೀ, ಅವತ್ತೇ ನೋಡಿದೀನಿ. ನಮ್ಮ ಹುಡುಗಿ, ಇರ್ಲಿ" ಎಂದರು.

ಆದರೂ ಮನೆಗೆ ಬಂದರೆ ಬೀರುವಿನ ನಡುವೆ ಖಾಲಿ ಜಾಗ. ಅಲ್ಲಿ ಏನಿಟ್ಟರೂ ಒಗ್ಗಲಿಲ್ಲ. ಹಬ್ಬಕ್ಕೆ ಮಗಳನ್ನು ಕರೆಸಿಕೊಳ್ಳೋಣವೆಂದರೆ, ಹಬ್ಬ ಮುಗಿದ ಕೂಡಲೇ ಬೀಗರ ಆಟೋ ಬಾಗಿಲಲ್ಲಿರುತ್ತಿತ್ತು. ಹೀಗೆ ನಾನು ಕೊರಗುತ್ತಿರುವಾಗ ಅನ್ವರ್ ಸಾಹೇಬರ ಫೋನ್ ಬಂತು. "ಮೇಡಂ, ಪಿಂಗಾಣಿ ಸೌಟು ಬಂದಿದೆ. ಪುಟಾಣಿ. ನಿಮ್ಮದೇ ನೀಲಿ ಹೂವು." ಕಾಲೇಜಿನಿಂದ ನೇರ ಅಂಗಡಿಗೆ ಹೋದೆ. ಅದೇ ಬಳ್ಳಿ, ಅದೇ ಚಿನ್ನದ ಗೆರೆ. ಎತ್ತಿಕೊಂಡಾಗ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಅಂಗಡಿಯಲ್ಲೇ ನಿಂತು ಸರ್ವಮಂಗಳಮ್ಮನಿಗೆ ಫೋನ್ ಮಾಡಿದೆ.

"ಸಿಹಿ ಸುದ್ದಿ ಕಣ್ರೀ. ಮಗುವಾಗಿದೆ."

"ಯಾರಿಗ್ರೀ?"

"ನಮ್ಮ ಹುಡುಗಿಗೆ. ಅದೇ ಹೂವಿನ ಸೌಟು. ಚೊಚ್ಚಲ ಬಾಣಂತನ ತವರುಮನೇಲೇ ತಾನೇ? ನಾಳೆ ಕರ್ಕೊಂಡು ಹೋಗೋಕೆ ಬರ್ತೀನಿ. ಅಳಿಯಂದಿರೂ ಜೊತೇಲಿ ಬರ್ಲಿ, ಮಗು ನೋಡೋಕೆ."

ಸರ್ವಮಂಗಳಮ್ಮ ಸೋತ ದನಿಯಲ್ಲಿ, "ಐದು ತಿಂಗಳು. ಅದರ ಮೇಲೆ ಒಂದು ದಿನ ಬಿಡಲ್ಲ" ಎಂದರು.

ಹೀಗೆ ಬೋಗುಣಿ, ಮುಚ್ಚಳ, ಸೌಟು ಮೂರೂ ನನ್ನ ಮನೆಗೆ ಬಂದವು. ಬೀರು ತೆರೆದು, ನಡುವಿನ ಜಾಗ ಒರೆಸಿ, ಅಲ್ಲಿಡಲೆಂದು ಬೋಗುಣಿಯನ್ನು ಎತ್ತಿಕೊಂಡೆ. ಅಡುಗೆಮನೆಯಿಂದ ಅತ್ತೆ ಬಂದು ಅಡ್ಡ ನಿಂತರು. ಕೈಯಲ್ಲಿ ಕರಿಮೆಣಸಿನ ಡಬ್ಬಿ. "ಎಲ್ಲಿಗಮ್ಮಾ? ಬಾಣಂತೀನ ಬರೀ ಹೊಟ್ಟೇಲಿ ಇಡ್ತಾರೇನು? ಒಳಗೆ ತಗೊಂಡು ಬಾ, ಮೆಣಸಿನ ಸಾರು ಕುದೀತಾ ಇದೆ."

"ಅತ್ತೆ, ಒಲೆ ಹತ್ರಕ್ಕೇನಾ? ಇದು ಉಪ್ಪಿನಕಾಯಿ ಜಾಡಿಯಲ್ಲ."

"ಮನೆ ಮಗಳು ಕಣೇ. ಬಾ."

ಅಂದಿನಿಂದ ದಿನವೂ ನಮ್ಮ ಮನೆಯಲ್ಲಿ ಬೋಗುಣಿಯಿಂದಲೇ ಸಾರು. ಅತ್ತೆ ಬಡಿಸುತ್ತಾರೆ, ನಮ್ಮ ಯಜಮಾನರು ಬೇಕೆಂತಲೇ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ಚಿನ್ನದ ಗೆರೆಯ ಪಕ್ಕದಲ್ಲಿ ಒಂದು ಅರಿಶಿನದ ಕಲೆಯೂ ಆಗಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ನಾನು ಅಷ್ಟೆಲ್ಲ ಹೋರಾಡಿ ಗೆದ್ದು ತಂದ ಬೋಗುಣಿ ವಾಪಸು ಬಂದ ಮೇಲೆ ಒಂದು ದಿನವೂ ನನ್ನ ಬೀರುವಿನಲ್ಲಿ ಕೂತಿಲ್ಲ. ವಾರಕ್ಕೊಮ್ಮೆ ಸರ್ವಮಂಗಳಮ್ಮ ಫೋನ್ ಮಾಡಿ "ಬಾಣಂತಿ ಹೇಗಿದಾಳ್ರೀ?" ಎಂದು ಕೇಳುತ್ತಾರೆ. ಮೈಕೈ ತುಂಬಿಕೊಂಡಿದಾಳೆ ಎನ್ನುತ್ತೇನೆ. ಹಾಗೆ ಹೇಳುವಾಗ ನನ್ನ ಕೈಯಲ್ಲೂ ಒಂದು ಬಟ್ಟಲು ಬಿಸಿ ಸಾರು ಇರುತ್ತದೆ. ಗುಲಾಬಿಯ ಆ ಹಳೇ ಸಾಸರಿನ ಮೇಲೆ ಇಟ್ಟುಕೊಂಡಿರುತ್ತೇನೆ, ಮೇಜುಬಟ್ಟೆಯ ಮೇಲೆ ತೊಟ್ಟಿಕ್ಕದಿರಲಿ ಎಂದು.